ಒಂದನೇ ತರಗತಿಯ ಹೊಸ ವರ್ಷ: ಮಗುವಿಗಿಂತ ಮೊದಲು ಮನೆಯವರನ್ನು ಬರಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಒಂದನೇ ತರಗತಿಯ ಟೀಚರ್. ಇನ್ನು ಮೂರು ವಾರಕ್ಕೆ ಶಾಲೆ ಶುರು. ಈ ಸಲ 32 ಮಕ್ಕಳಿದ್ದಾರೆ. ಕಳೆದ ವರ್ಷ ಮೊದಲ ದಿನ ಬಾಗಿಲ ತುಂಬಾ ಜನ, ಮಕ್ಕಳ ಅಳು, ಕಿಟಕಿಯಲ್ಲಿ ಇಣುಕುವ ಅಪ್ಪ-ಅಮ್ಮಂದಿರು. ಅರ್ಧ ದಿನ ಅದರಲ್ಲೇ ಹೋಯಿತು. ಮೊದಲ ವಾರದ ಪೋಷಕರ ಸಭೆಯಲ್ಲಿ ಒಂದೂವರೆ ಗಂಟೆ ನಾನೊಬ್ಬಳೇ ಮಾತಾಡಿದೆ. ಯಾರೂ ಏನೂ ಕೇಳಲಿಲ್ಲ. ಮಾರನೇ ದಿನದಿಂದ ನಾನು ಹೇಳಿದ್ದನ್ನೇ ಫೋನ್ ಮಾಡಿ ಕೇಳತೊಡಗಿದರು. ಈ ಸಲ ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಹೇಳಿದ ಎರಡು ತೊಂದರೆಗಳಿಗೂ ಬೇರು ಒಂದೇ. ಮನೆಯವರು ತರಗತಿಯನ್ನು ಮೊದಲ ಸಲ ನೋಡುವ ದಿನವೂ, ಮಗು ಮನೆಯವರನ್ನು ಬಿಟ್ಟು ಕೂರಬೇಕಾದ ದಿನವೂ ಒಂದೇ ಆಗಿಬಿಟ್ಟಿದೆ. ಬಾಗಿಲಲ್ಲಿ ನಿಂತ ತಾಯಿಗೆ ಮಗು ಎಲ್ಲಿ ಕೂರುತ್ತದೆ, ಶೌಚಾಲಯ ಯಾವ ಕಡೆ, ಸಂಜೆ ಯಾವ ಬಾಗಿಲಿಗೆ ಬರಬೇಕು, ಒಂದೂ ಗೊತ್ತಿಲ್ಲ. ಕಂಡು ಕೇಳದ ಜಾಗದಲ್ಲಿ ಮಗುವನ್ನು ಬಿಟ್ಟು ಬೆನ್ನು ತಿರುಗಿಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಅವರು ಇಣುಕುತ್ತಾರೆ, ಅವರ ಮುಖ ನೋಡಿ ಮಗು ಅಳುತ್ತದೆ. ಅದಕ್ಕೇ ಈ ಎರಡನ್ನೂ ಬೇರೆ ಮಾಡಿ. ಶಾಲೆ ಶುರುವಾಗುವ ಎರಡು ಮೂರು ದಿನ ಮುಂಚೆ ಮನೆಯವರನ್ನೂ ಮಗುವನ್ನೂ ಒಟ್ಟಿಗೆ ತರಗತಿಗೆ ಕರೆಯಿರಿ. ಮೊದಲ ದಿನ ಮಗುವಿಗೇ ಇರಲಿ.

ಹೆಸರಿನಿಂದ ಶುರು ಮಾಡಿ

ಮೂರು ವಾರ ಇರುವಾಗ ಗೋಡೆ ಅಲಂಕಾರಕ್ಕೆ ಕೈ ಹಾಕಬೇಡಿ, ಹೆಸರಿನ ಪಟ್ಟಿ ತೆಗೆಯಿರಿ. ದಾಖಲಾತಿಯಲ್ಲಿರುವ ಹೆಸರು ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು ಇರುವುದು ತೀರಾ ಸಾಮಾನ್ಯ. ಆರು ವರ್ಷದ ಕೆಲವು ಮಕ್ಕಳಿಗೆ ತಮ್ಮ ದಾಖಲಾತಿ ಹೆಸರು ಕೂಗಿದರೆ ಅದು ತಮ್ಮದೇ ಎಂದು ಹೊಳೆಯುವುದೂ ಇಲ್ಲ. ಹಾಜರಿ ಕರೆದಾಗ ಸುಮ್ಮನೆ ಕೂತ ಮಗು ಹಟಮಾರಿಯೇನಲ್ಲ, ಆ ಹೆಸರನ್ನು ಅದು ಕೇಳಿಯೇ ಇರಲಿಕ್ಕಿಲ್ಲ. ಪ್ರತಿ ಮನೆಗೂ ಎರಡು ನಿಮಿಷ ಫೋನ್ ಮಾಡಿ: ಹೆಸರನ್ನು ಹೇಗೆ ಉಚ್ಚರಿಸುತ್ತೀರಿ, ಹೇಗೆ ಬರೆಯುತ್ತೀರಿ, ಮನೆಯಲ್ಲಿ ಏನೆಂದು ಕರೆಯುತ್ತೀರಿ, ಶಾಲೆಯಲ್ಲಿ ಏನೆಂದು ಕರೆಯಬೇಕು. ಕೊನೆಯದನ್ನು ಮರೆಯಬೇಡಿ. ಮನೆಯ ಮುದ್ದು ಹೆಸರು ಶಾಲೆಯಲ್ಲಿ ಬೇಡ ಎನ್ನುವ ಮಕ್ಕಳೂ ಇದ್ದಾರೆ. ದಿನಕ್ಕೆ ಐದಾರು ಫೋನ್ ಮಾಡಿದರೆ ಒಂದು ವಾರದಲ್ಲಿ ಮುಗಿಯುತ್ತದೆ. ಭೇಟಿಗೆ ಯಾವ ಹೊತ್ತು ಅನುಕೂಲ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿಕೊಳ್ಳಿ.

ಹೆಸರು ಖಚಿತವಾದ ಮೇಲೆಯೇ ಚೀಟಿ ಬರೆಯಿರಿ. ಇಲ್ಲಿ ಕನ್ನಡಕ್ಕೇ ಸೇರಿದ ಒಂದು ತೊಂದರೆ ಇದೆ. ಉದ್ದನೆಯ ತೆಳು ಪಟ್ಟಿಯಲ್ಲಿ ಹೆಸರು ಬರೆದರೆ ಒತ್ತಕ್ಷರಕ್ಕೆ ಕೆಳಗೆ ಜಾಗ ಸಾಲುವುದಿಲ್ಲ. ‘ಪ್ರಜ್ಞಾ’, ‘ಸ್ಮೃತಿ’ ಅಂಥ ಹೆಸರುಗಳಲ್ಲಿ ಕೆಳಗಿನ ಗುರುತುಗಳು ಇರುವೆಯಷ್ಟಾಗಿ ಅಂಚಿಗೆ ಅಂಟಿಕೊಳ್ಳುತ್ತವೆ, ಇಲ್ಲವೇ ಕತ್ತರಿಸುವಾಗ ಅರ್ಧ ಹೋಗುತ್ತವೆ. ಮಗು ಮೊದಲು ನಕಲು ಮಾಡಿ ಕಲಿಯುವುದು ತನ್ನ ಹೆಸರನ್ನೇ. ಚೀಟಿಯಲ್ಲಿ ಹೇಗಿದೆಯೋ ಹಾಗೇ ಬರೆಯುತ್ತದೆ. 20 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಎತ್ತರದ ದಪ್ಪ ಕಾಗದ ತೆಗೆದುಕೊಳ್ಳಿ. ಮೇಲೆ 1.5 ಸೆಂಟಿಮೀಟರ್ ಬಿಡಿ, ಅಕ್ಷರ 3.5 ಸೆಂಟಿಮೀಟರ್ ಇರಲಿ, ಕೆಳಗಿನ 3 ಸೆಂಟಿಮೀಟರ್ ಒತ್ತಕ್ಷರಕ್ಕೆ. ಕಪ್ಪು ಮಾರ್ಕರ್ ಸಾಕು. ಬಣ್ಣ ಬಣ್ಣದ ಅಕ್ಷರ ಚೆಂದ ಕಾಣುತ್ತದೆ, ಆದರೆ ಅಕ್ಷರದ ಆಕಾರ ಒಡೆದು ಕಾಣುತ್ತದೆ.

ಇನ್ನೂ ಓದಲು ಬಾರದವರಿಗಾಗಿ ಹೆಸರಿನ ಪಕ್ಕ ಒಂದು ಚಿತ್ರ ಇರಲಿ: ಛತ್ರಿ, ಮೀನು, ಗಾಳಿಪಟ, ಬೀಗ, ಹೀಗೆ 32 ಬೇರೆ ಬೇರೆ. ದೂರದಿಂದ ಒಂದೇ ಥರ ಕಾಣುವಂಥವು ಬೇಡ. ಒಂದು ಮಗುವಿಗೆ ಚೆಂಡು, ಇನ್ನೊಂದಕ್ಕೆ ಸೂರ್ಯ ಕೊಟ್ಟರೆ ಎರಡೂ ಒಂದೇ ಮೊಳೆಗೆ ಬ್ಯಾಗ್ ತೂಗುಹಾಕುತ್ತವೆ. ಬ್ಯಾಗಿನ ಮೊಳೆ, ಕೂರುವ ಜಾಗ, ಪುಸ್ತಕದ ಗೂಡು, ಎದೆಯ ಚೀಟಿ ನಾಲ್ಕರಲ್ಲೂ ಅದೇ ಹೆಸರು, ಅದೇ ಚಿತ್ರ. ಒಂದೇ ಹೆಸರಿನವರು ಇಬ್ಬರಿದ್ದರೆ ಇನಿಷಿಯಲ್ ಸೇರಿಸಿ ಕರೆಯಿರಿ. ‘ದೊಡ್ಡ’, ‘ಸಣ್ಣ’ ಎಂದು ಶುರುವಾದರೆ ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ಗೋಡೆ ಮಾತ್ರ ಅರ್ಧ ಖಾಲಿ ಇರಲಿ. ಮೊದಲ ವಾರದ ಕೊನೆಗೆ ಅಲ್ಲಿ ಮಕ್ಕಳ ಚಿತ್ರಗಳೇ ಬರುತ್ತವೆ.

ಮನೆಗೆ ಹೋಗುವ ಪತ್ರ

ಭೇಟಿಗೆ ಹತ್ತು ದಿನ ಮುಂಚೆ ಒಂದು ಪತ್ರ ಹೋಗಲಿ, ಒಂದೇ ಪುಟ. ‘ತಂದೆ-ತಾಯಿಯರೇ’ ಎನ್ನುವ ಬದಲು ‘ಮನೆಯವರೇ’ ಎಂದು ಬರೆಯಿರಿ. ಅಜ್ಜಿ, ದೊಡ್ಡಮ್ಮ, ಅಣ್ಣನ ಕೈಯಲ್ಲಿ ಬೆಳೆಯುವ ಮಕ್ಕಳ ಮನೆಗೂ ಅದೇ ಪತ್ರ ಹೋಗುತ್ತದೆ. ನಿಮ್ಮ ಹೆಸರು, ತರಗತಿಯ ಕೋಣೆ, ಭೇಟಿಯ ದಿನ ಮತ್ತು ಹೊತ್ತು, ಮೊದಲ ದಿನ ಎಷ್ಟು ಗಂಟೆಗೆ ಯಾವ ಬಾಗಿಲಿಗೆ ಬರಬೇಕು, ಏನು ತರಬೇಕು, ಎಷ್ಟು ಗಂಟೆಗೆ ಬಿಡುತ್ತೀರಿ. ಇಷ್ಟೇ. ಶಿಸ್ತಿನ ನಿಯಮ, ಸಮವಸ್ತ್ರದ ಎಚ್ಚರಿಕೆ, ಹೋಂವರ್ಕ್ ನೀತಿ ಈ ಪತ್ರದಲ್ಲಿ ಬೇಡ. ಶಾಲೆಯಿಂದ ಬರುವ ಮೊದಲ ಕಾಗದದಲ್ಲಿ ಹತ್ತು ‘ಕಡ್ಡಾಯ’ಗಳಿದ್ದರೆ ಮುಂದಿನ ಕಾಗದವನ್ನು ಯಾರೂ ಮನಸ್ಸಿಟ್ಟು ಓದುವುದಿಲ್ಲ. ಇದೇ ವಿಷಯವನ್ನು ಒಂದು ನಿಮಿಷದೊಳಗೆ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿ. ಓದಲು ಬಾರದವರಿಗೆ ಅನುಕೂಲ, ಜೊತೆಗೆ ಮಗುವಿಗೆ ಟೀಚರ ದನಿ ಮುಂಚೆಯೇ ಪರಿಚಯವಾಗುತ್ತದೆ.

ಭೇಟಿಯ ದಿನ

ಎಲ್ಲರನ್ನೂ ಒಂದೇ ಹೊತ್ತಿಗೆ ಕರೆಯಬೇಡಿ. ಎಂಟೆಂಟು ಮನೆಯವರ ನಾಲ್ಕು ಗುಂಪು ಮಾಡಿ. ಗುಂಪಿಗೆ 30 ನಿಮಿಷ, ನಡುವೆ 10 ನಿಮಿಷ ಬಿಡುವು. ಒಟ್ಟು ಎರಡೂವರೆ ಗಂಟೆ. ಎರಡು ಗುಂಪು ಬೆಳಿಗ್ಗೆ, ಎರಡು ಸಂಜೆ ಇಟ್ಟರೆ ದುಡಿಯುವವರಿಗೂ ಬರಲಾಗುತ್ತದೆ. ನಡುವಿನ 10 ನಿಮಿಷ ಬಿಡಬೇಡಿ. ಹೊರಡುವಾಗ ಹೊಸ್ತಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ‘ಟೀಚರ್, ಒಂದು ವಿಷಯ’ ಎನ್ನುವವರಿರುತ್ತಾರೆ. ಆ ಒಂದು ವಿಷಯವೇ ಬಹಳ ಸಲ ಮುಖ್ಯವಾದದ್ದು.

ಮಗು ಒಳಗೆ ಬಂದ ಕೂಡಲೇ ಕೈಗೆ ಒಂದು ಕೆಲಸ ಕೊಡಿ. ಅರ್ಧ ಹಾಳೆಯಲ್ಲಿ ಐದು ಚಿತ್ರಗಳಿರಲಿ: ನಿನ್ನ ಮೊಳೆ, ನಿನ್ನ ಜಾಗ, ಕುಡಿಯುವ ನೀರು, ಶೌಚಾಲಯ, ಕಥೆಪುಸ್ತಕದ ಮೂಲೆ. ಹುಡುಕಿ, ಸಿಕ್ಕಿದ್ದಕ್ಕೆಲ್ಲ ಗುರುತು ಹಾಕಬೇಕು, ಕೊನೆಗೆ ಜೊತೆಗೆ ಬಂದವರಿಗೆ ತಾನೇ ಸುತ್ತಿ ತೋರಿಸಬೇಕು. ನೀವು ತೋರಿಸಿದರೆ ಅದು ನಿಮ್ಮ ಶಾಲೆ, ಮಗುವೇ ಅಮ್ಮನಿಗೆ ತೋರಿಸಿದರೆ ಅದು ಮಗುವಿನ ಶಾಲೆ.

ಶೌಚಾಲಯದ ಹತ್ತಿರ ಮಾತ್ರ ನಿಧಾನ ಮಾಡಿ. ಸಣ್ಣ ಮಕ್ಕಳ ಎಷ್ಟೋ ಭಯಗಳು ಅಲ್ಲೇ ಇರುತ್ತವೆ, ಮತ್ತು ಅವು ಹೇಳಿಕೊಳ್ಳುವುದಿಲ್ಲ. ಚಿಲಕ ಕೈಗೆಟುಕುತ್ತದೆಯೇ, ಹಾಕಿದ ಚಿಲಕವನ್ನು ಒಳಗಿನಿಂದ ತೆಗೆಯಲು ಬರುತ್ತದೆಯೇ, ನಲ್ಲಿ ತಿರುಗಿಸುವ ಶಕ್ತಿ ಇದೆಯೇ, ಫ್ಲಶ್ ಸದ್ದಿಗೆ ಹೆದರುತ್ತದೆಯೇ, ಮನೆಯಲ್ಲಿ ಬಳಸುವುದು ಇದೇ ಬಗೆಯದೇ. ಮನೆಯವರು ಹೊರಗೆ ನಿಂತಿರುವಾಗಲೇ ಮಗು ಎರಡು ಸಲ ಚಿಲಕ ಹಾಕಿ ತೆಗೆಯಲಿ. ಬಿಗಿಯಾದ ಚಿಲಕ ಇದ್ದರೆ ಶಾಲೆ ಶುರುವಾಗುವ ಮುಂಚೆ ಸರಿ ಮಾಡಿಸಿ. ಬಟ್ಟೆಯ ಗುಂಡಿ, ಬೆಲ್ಟ್, ಲಾಡಿ ಬಿಚ್ಚಲು ಬಾರದ ಮಕ್ಕಳಿಗೆ ಎಲಾಸ್ಟಿಕ್ ಸೊಂಟದ ಬಟ್ಟೆ ಹಾಕಿ ಕಳಿಸುವಂತೆ ಮನೆಯವರಿಗೆ ನೇರವಾಗಿಯೇ ಹೇಳಿ. ಇಡೀ ದಿನ ಮೂತ್ರ ತಡೆದುಕೊಂಡು ಮನೆಗೆ ಹೋಗುವ ಮಗು ಕಲಿಕೆಯ ಕಡೆ ಮನಸ್ಸು ಕೊಡುವುದಾದರೂ ಹೇಗೆ?

ಮಕ್ಕಳು ಹುಡುಕಾಟದಲ್ಲಿರುವಾಗ ದೊಡ್ಡವರ ಕೈಗೆ ಒಂದು ಪುಟದ ಫಾರ್ಮ್ ಕೊಡಿ. ಏಳು ಪ್ರಶ್ನೆ ಮೀರದಿರಲಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ? ಮಗು ಅತ್ತರೆ ಯಾವುದರಿಂದ ಸಮಾಧಾನವಾಗುತ್ತದೆ? ಯಾವುದಕ್ಕೆ ಹೆದರುತ್ತದೆ? ಯಾವುದು ತುಂಬಾ ಇಷ್ಟ? ಕರೆದುಕೊಂಡು ಹೋಗಲು ಯಾರು ಯಾರು ಬರುತ್ತಾರೆ, ಅವರ ಫೋನ್ ನಂಬರ್? ನಿಮಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಅನುಕೂಲ? ಕೊನೆಯದಾಗಿ, ಈ ವರ್ಷ ನಿಮ್ಮ ಮಗುವಿಗೆ ಏನಾಗಲಿ ಎಂದು ಆಸೆ? ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ 1998ರಲ್ಲಿ ಶುರುವಾದ ಶಿಕ್ಷಕರ ಮನೆಭೇಟಿ ಕ್ರಮದಲ್ಲಿ ಮಾತಿನ ನಡುಗಂಬವೇ ಈ ಪ್ರಶ್ನೆ: ಮನೆಯವರ ಆಸೆ, ಕನಸು. ಅಲ್ಲಿ ಶಿಕ್ಷಕರು ಇಬ್ಬಿಬ್ಬರಾಗಿ ಹೋಗುತ್ತಾರೆ, ಮನೆಯವರು ಒಪ್ಪಿದರೆ ಮಾತ್ರ. ತೊಂದರೆ ಇರುವ ಮಕ್ಕಳ ಮನೆಯನ್ನಷ್ಟೇ ಆರಿಸಿಕೊಂಡು ಹೋಗುವುದಿಲ್ಲ. ನೀವು ಮನೆಗೆ ಹೋಗಲಾಗದಿದ್ದರೂ ಆ ಪ್ರಶ್ನೆ ನಿಮ್ಮದಾಗಲಿ. ‘ಎಲ್ಲರ ಮುಂದೆ ಒಂದು ಮಾತು ಆಡಿದರೆ ಸಾಕು’ ಎಂದು ಬರೆದುಕೊಟ್ಟ ಮನೆಗೆ ವರ್ಷದ ನಡುವೆ ಏನು ಹೇಳಬೇಕೆಂದು ನಿಮಗೆ ಗೊತ್ತಿರುತ್ತದೆ.

ಸಂಬಳ, ಕೆಲಸ, ಓದಿನ ಮಟ್ಟ ಈ ಫಾರ್ಮಿನಲ್ಲಿ ಕೇಳಬೇಡಿ. ಆರೋಗ್ಯದ ವಿಷಯ ಬೇರೆ ಹಾಳೆಯಲ್ಲಿರಲಿ: ಅಲರ್ಜಿ, ಉಬ್ಬಸ, ಫಿಟ್ಸ್, ದಿನವೂ ತೆಗೆದುಕೊಳ್ಳುವ ಔಷಧಿ, ಕಣ್ಣು-ಕಿವಿಯ ತೊಂದರೆ. ಆ ಹಾಳೆ ಕಪಾಟಿನೊಳಗೆ ಹೋಗಬೇಕು, ಮೇಜಿನ ಮೇಲೆ ಬಿದ್ದಿರಬಾರದು. ಬರೆಯಲು ಬಾರದವರು ಇದ್ದೇ ಇರುತ್ತಾರೆ. ಅವರನ್ನು ಗುರುತಿಸಲು ಹೋಗಬೇಡಿ. ಪ್ರತಿಯೊಬ್ಬರಿಗೂ ‘ನೀವು ಹೇಳ್ತಾ ಹೋಗಿ, ನಾನು ಬರ್ಕೊಳ್ಳಲಾ, ಅಥವಾ ನೀವೇ ಬರೀತೀರಾ?’ ಎಂದು ಒಂದೇ ಮಾತು ಕೇಳಿ. ಭಾಷೆ ಬಾರದ ಮನೆಯವರಿದ್ದರೆ ದೊಡ್ಡವರೊಬ್ಬರನ್ನು ನಡುವೆ ಕೂರಿಸಿಕೊಳ್ಳಿ. ಮಗುವಿನ ಬಗ್ಗೆಯೇ ಮಾತಾಡುವಾಗ ಅದೇ ಮಗುವಿನಿಂದ ಅನುವಾದ ಮಾಡಿಸಬೇಡಿ.

ಕೊನೆಯ 10 ನಿಮಿಷ ನಿಮ್ಮ ಮಾತು. ಕಳೆದ ವರ್ಷ ಒಂದೂವರೆ ಗಂಟೆ ಹೇಳಿದ್ದರಲ್ಲಿ ಬಹುಪಾಲು ಆ ದಿನಕ್ಕೆ ಬೇಕಿರಲಿಲ್ಲ. ಜೊತೆಗೆ, ಮೂವತ್ತು ಜನರ ಎದುರು ಪ್ರಶ್ನೆ ಕೇಳಲು ಧೈರ್ಯ ಬೇಕು, ಎಂಟು ಜನರಿದ್ದರೆ ಬಾಯಿ ಬಿಡುತ್ತಾರೆ. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂರಿಸಿದರೂ ಮಾತು ಹೊರಡುವುದಿಲ್ಲ. ವಯಸ್ಸಾದವರಿಗೆ, ಬಸುರಿಯರಿಗೆ ದೊಡ್ಡ ಕುರ್ಚಿ ತರಿಸಿಡಿ. ನೀವೂ ನಿಲ್ಲದೆ ಅವರ ಜೊತೆಗೇ ಕೂರಿ. ಬೆಳಿಗ್ಗೆ ಬಿಡುವ ಕ್ರಮ, ಸಂಜೆ ಕರೆದೊಯ್ಯುವ ಕ್ರಮ, ನಿಮ್ಮನ್ನು ಯಾವಾಗ ಹೇಗೆ ಸಂಪರ್ಕಿಸಬೇಕು, ಈ ಮೂರೇ ವಿಷಯ. ಸಂದೇಶಗಳ ಗುಂಪು ಮಾಡುವುದಿದ್ದರೆ ಅಲ್ಲಿ ಸೂಚನೆ ಮಾತ್ರ, ಒಂದು ಮಗುವಿನ ಹೆಸರೆತ್ತಿ ಮಾತಿಲ್ಲ, ಮನೆಯವರನ್ನು ಕೇಳದೆ ಮಕ್ಕಳ ಫೋಟೋ ಇಲ್ಲ. ಎಷ್ಟು ಗಂಟೆಯವರೆಗೆ ಉತ್ತರಿಸುತ್ತೀರಿ ಎಂಬುದನ್ನೂ ಅವತ್ತೇ ಹೇಳಿ, ಹೇಳಿದಂತೆ ನಡೆಯಿರಿ. ಪಾಠ, ಪರೀಕ್ಷೆ, ಹೋಂವರ್ಕ್ ಮಾತಿಗೆ ಮೂರು ನಾಲ್ಕು ವಾರದ ನಂತರ ಇನ್ನೊಂದು ಸಭೆ ಸಾಕು. ಆಗ ಅವರಿಗೂ ಕೇಳಲು ಏನಾದರೂ ಇರುತ್ತದೆ.

ಮೊದಲ ದಿನದ ಬಾಗಿಲು

ಬೀಳ್ಕೊಡುವ ಕ್ರಮವನ್ನು ಭೇಟಿಯ ದಿನವೇ ಮನೆಯವರಿಗೆ ಹೇಳಿಕೊಟ್ಟಿರಿ: ಬ್ಯಾಗ್ ಮೊಳೆಗೆ ಹಾಕುವುದು, ಒಂದು ಅಪ್ಪುಗೆ, ಯಾರು ಯಾವಾಗ ಬರುತ್ತಾರೆಂದು ಒಂದು ಮಾತು, ಹೊರಡುವುದು. ‘ಮೂರೂವರೆಗೆ ಬರ್ತೀನಿ’ ಎಂದರೆ ಗಡಿಯಾರ ಗೊತ್ತಿಲ್ಲದ ಮಗುವಿಗೆ ಅದು ಬರೀ ಸದ್ದು. ‘ಊಟ ಆಗುತ್ತೆ, ಆಟ ಆಗುತ್ತೆ, ಟೀಚರ್ ಕಥೆ ಹೇಳ್ತಾರೆ, ಆಮೇಲೆ ಅಜ್ಜಿ ಬರ್ತಾರೆ’ ಎಂದರೆ ಒಂದೊಂದು ಮುಗಿದಂತೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಹೀಗೆ ಹೇಳಿಸಿದ ಮೇಲೆ ದಿನದ ಕೊನೆಗೆ ಕಥೆ ತಪ್ಪಿಸಬೇಡಿ. ಮಗು ಕಾಯುತ್ತಿರುತ್ತದೆ.

ಕಣ್ತಪ್ಪಿಸಿ ಹೊರಟುಹೋಗುವುದು ಮಾತ್ರ ಬೇಡವೇ ಬೇಡ. ಆ ಕ್ಷಣಕ್ಕೆ ಅಳು ತಪ್ಪಿದಂತೆ ಕಾಣುತ್ತದೆ. ಆದರೆ ಆಟದಿಂದ ತಲೆ ಎತ್ತಿದಾಗ ಅಮ್ಮ ಇಲ್ಲ ಎಂದು ಕಂಡ ಮಗು ಆಮೇಲೆ ಆಟಕ್ಕೆ ತಲೆ ತಗ್ಗಿಸುವುದೇ ಇಲ್ಲ, ಇಡೀ ದಿನ ಬಾಗಿಲು ಕಾಯುತ್ತದೆ. ಮಾರನೇ ದಿನ ಸೆರಗು ಬಿಡುವುದಿಲ್ಲ. ತೀರಾ ಸಣ್ಣ ಮಕ್ಕಳ ಕೇಂದ್ರಗಳಿಗಾಗಿ ಜರ್ಮನಿಯಲ್ಲಿ ರೂಪಿಸಿದ ಬರ್ಲಿನ್ ಮಾದರಿಯಲ್ಲಿ ಮೊದಲ ಮೂರು ದಿನ ಮನೆಯವರೊಬ್ಬರು ಮಗುವಿನ ಜೊತೆಗೇ ಕೋಣೆಯಲ್ಲಿರುತ್ತಾರೆ. ನಾಲ್ಕನೇ ದಿನ ಮೊದಲ ಸಲ ಸ್ವಲ್ಪ ಹೊತ್ತು ಹೊರಗೆ ಹೋಗುವಾಗಲೂ ಹೇಳಿಯೇ ಹೋಗಬೇಕು. ಆರು ವರ್ಷದವರಿಗೆ ಅಷ್ಟು ದಿನ ಬೇಕಿಲ್ಲ, ನಿಮ್ಮ 30 ನಿಮಿಷದ ಭೇಟಿ ಆ ಕೆಲಸ ಮಾಡುತ್ತದೆ. ಹೇಳಿ ಹೋಗುವ ನಿಯಮ ಮಾತ್ರ ಎಲ್ಲ ವಯಸ್ಸಿಗೂ ಅದೇ. ಹೊರಟ ಮೇಲೆ ಅಳು ಕೇಳಿಸಿತೆಂದು ತಿರುಗಿ ಬರುವುದೂ ಬೇಡ. ಜೋರಾಗಿ ಅತ್ತರೆ ವಾಪಸ್ ಬರುತ್ತಾರೆ ಎಂದು ಮಗು ಕಲಿತುಬಿಡುತ್ತದೆ.

ಅಳುವ ಮಗುವನ್ನು ಬಿಟ್ಟು ಹೋದವರಿಗೆ 20 ನಿಮಿಷದೊಳಗೆ ಒಂದು ಸಂದೇಶ ಹೋಗಲಿ, ನಿಜವಾದ ಸಂದೇಶ. ‘ಅಳು ನಿಂತಿದೆ, ನೀಲಿ ಬಣ್ಣದಲ್ಲಿ ಬಸ್ ಬರೀತಿದ್ದಾನೆ’ ಎಂದರೆ ಸಮಾಧಾನ. ಇನ್ನೂ ಅಳುತ್ತಿದ್ದರೆ ಹಾಗೇ ಹೇಳಿ, ಏನು ಮಾಡುತ್ತಿದ್ದೀರಿ ಎಂಬುದನ್ನೂ ಹೇಳಿ. ಸುಳ್ಳು ಸಮಾಧಾನ ಸಂಜೆ ಮಗುವಿನ ಬಾಯಿಂದಲೇ ಬಯಲಾಗುತ್ತದೆ.

ಮಕ್ಕಳು ಒಳಗೆ ಬರುವ ಮುಂಚೆಯೇ ಪ್ರತಿ ಜಾಗದಲ್ಲಿ ಕೆಲಸ ಕಾದಿರಬೇಕು. ಒಂದು ಬಿಳಿ ಹಾಳೆ, ಅದರ ಮೇಲೆ ಮಗುವಿನ ಹೆಸರು, ಇಬ್ಬರ ನಡುವೆ ಒಂದು ಬಟ್ಟಲು, ಅದರಲ್ಲಿ ಎಂಟು ಕ್ರಯಾನ್. ಇಬ್ಬರಿಗೂ ಬೇಕಾಗುವ ಕೆಂಪು, ನೀಲಿ, ಹಸಿರು, ಕಪ್ಪು ಎರಡೆರಡು ಇರಲಿ. ಒಂದೊಂದೇ ಇಟ್ಟರೆ ಮೊದಲ ಜಗಳ ಐದು ನಿಮಿಷದಲ್ಲಿ ಕೆಂಪಿನ ಮೇಲೆ. ಸುಮ್ಮನೆ ಕೂತು ಕಾಯುವ ಹೊತ್ತಿನಲ್ಲೇ ಅಳು ಒಬ್ಬರಿಂದ ಒಬ್ಬರಿಗೆ ಹಬ್ಬುವುದು. ಕೈಗೆ ಕೆಲಸ ಇದ್ದರೆ ಅಳುವ ಮಗುವೂ ಬಿಕ್ಕುತ್ತಲೇ ಗೀಚಲು ಶುರು ಮಾಡುತ್ತದೆ. ನೀವು ಬಾಗಿಲಲ್ಲೇ ಇರಿ. ಪ್ರತಿ ಮಗುವಿನ ಎತ್ತರಕ್ಕೆ ಬಾಗಿ ಹೆಸರು ಹಿಡಿದು ಕರೆಯಿರಿ. ಹೊಸ್ತಿಲಲ್ಲಿ ಉದ್ದ ಮಾತಿಗೆ ನಿಂತವರಿಗೆ ‘ಇದನ್ನ ಸಂಜೆ ಫೋನಲ್ಲಿ ಮಾತಾಡೋಣ’ ಎಂದು ಅವರೆದುರಿಗೇ ಪುಸ್ತಕದಲ್ಲಿ ಬರೆದುಕೊಳ್ಳಿ. ಸಂಜೆ ಫೋನ್ ಮಾಡಲೇಬೇಕು.

ಆ ವಾರ ಪಾಠಕ್ಕಿಂತ ರೂಢಿ ಕಲಿಸಿ: ಸಾಲು ನಿಲ್ಲುವುದು, ಶೌಚಾಲಯಕ್ಕೆ ಕೇಳುವುದು, ನೀರು ಕುಡಿಯುವುದು, ಪುಸ್ತಕ ಗೂಡಿಗಿಡುವುದು. ದಿನಕ್ಕೆ ಎರಡು ಮೂರು ಸಾಕು. ನೀವು ಮಾಡಿ ತೋರಿಸಿ, ಒಂದು ಮಗು ಮಾಡಲಿ, ಆಮೇಲೆ ಎಲ್ಲರೂ. ಮಾರನೇ ದಿನ ಅದನ್ನೇ ಮತ್ತೆ ಮಾಡಿಸಿ.

ಮನೆಗೆ ಕಳಿಸುವ ಹೊತ್ತು

ಬೆಳಗಿನ ಅಳುವಿಗೆ ಎಲ್ಲರೂ ತಯಾರಾಗಿರುತ್ತಾರೆ, ಸಂಜೆಗೆ ತಯಾರಾದವರು ಕಡಿಮೆ. ಮಗು ತಪ್ಪಿಹೋಗುವ ಅಪಾಯ ಇರುವುದು ಸಂಜೆಯೇ. ಲೆಕ್ಕ ನೋಡಿ: ಒಂದು ಮಗುವನ್ನು ಸರಿಯಾದ ಕೈಗೆ ಒಪ್ಪಿಸಲು ಅರ್ಧ ನಿಮಿಷವೆಂದರೂ 32 ಮಕ್ಕಳಿಗೆ 16 ನಿಮಿಷ. ಬ್ಯಾಗ್ ತುಂಬಿ ಸಾಲು ನಿಲ್ಲಲು ಮೊದಲ ವಾರ 20 ನಿಮಿಷ ಬೇಕೇ ಬೇಕು. ಗಂಟೆ ಹೊಡೆದ ಮೇಲೆ ಶುರು ಮಾಡಿದರೆ ಗೊಂದಲ ಗ್ಯಾರಂಟಿ.

ಒಂದು ಪಟ್ಟಿ ಮಾಡಿ: ಮಗುವಿನ ಹೆಸರು, ಇವತ್ತು ಹೇಗೆ ಹೋಗುತ್ತದೆ, ಯಾರ ಜೊತೆ, ಫೋನ್. ಮೂರು ಪ್ರತಿ ಇರಲಿ. ಒಂದು ನಿಮ್ಮ ಕೈಯ ರಟ್ಟಿನ ಮೇಲೆ, ಒಂದು ಕಚೇರಿಯಲ್ಲಿ, ಒಂದು ನೀವು ರಜೆ ಹಾಕಿದರೆ ಬರುವವರಿಗೆ. ಹೆಸರು ಕರೆದು, ಬಂದವರ ಮುಖ ನೋಡಿ, ಗುರುತು ಹಾಕಿ, ಆಮೇಲೆ ಕೈ ಬಿಡಿ. ‘ಮಾವ ಬಂದ್ರು’ ಎಂದು ಮಗು ಓಡಿದರೆ ಸಾಲದು. ಪಟ್ಟಿಯಲ್ಲಿಲ್ಲದವರು ಬಂದರೆ, ಎಷ್ಟೇ ಪರಿಚಿತರಂತೆ ಕಂಡರೂ, ಮೊದಲು ಮನೆಗೆ ಫೋನ್, ಒಪ್ಪಿಗೆ ಸಿಕ್ಕ ಮೇಲೆ ಮಗು. ಈ ನಿಯಮವನ್ನು ಭೇಟಿಯ ದಿನವೇ ಹೇಳಿದ್ದರೆ ಯಾರಿಗೂ ಬೇಜಾರಾಗುವುದಿಲ್ಲ, ಅವತ್ತೇ ಮೊದಲ ಸಲ ಹೇಳಿದರೆ ಅವಮಾನ ಮಾಡಿದಂತೆ ಅನಿಸುತ್ತದೆ. ಬರುವುದು ತಡವಾದ ಮನೆಯ ಮಗುವನ್ನು ಗೇಟಿನಲ್ಲಿ ನಿಲ್ಲಿಸಬೇಡಿ. ಒಳಗೆ ಕೂರಿಸಿ, ಕುರ್ಚಿ ಜೋಡಿಸುವಂಥ ಚಿಕ್ಕ ಕೆಲಸ ಕೊಡಿ.

ಎರಡನೇ ವಾರದ ಅಳು, ಮತ್ತು ಬಾರದ ಮನೆಯವರು

ಮೊದಲ ವಾರ ನಗುನಗುತ್ತಾ ಬಂದ ಮಗು ಎರಡನೇ ವಾರ ಅಳಲು ಶುರು ಮಾಡಿದರೆ ಶಾಲೆಯಲ್ಲಿ ಏನೋ ಆಗಿದೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಹೊಸತರ ಸಂಭ್ರಮ ಮುಗಿದು ಇದು ದಿನವೂ ಇದೆ ಎಂದು ಮಗುವಿಗೆ ಅರ್ಥವಾಗುವ ಹೊತ್ತು ಅದು. ರಜೆ ಮುಗಿದ ಮರುದಿನ, ಜ್ವರ ಬಿಟ್ಟು ಬಂದ ದಿನ ಕೂಡ ಹಾಗೆಯೇ. ಇದನ್ನು ಮುಂಚೆಯೇ ಹೇಳಿಟ್ಟಿರಿ, ಹಾಗಂತ ಕೇಳದೇ ಇರಬೇಡಿ. ಯಾರ ಪಕ್ಕ ಕೂರಲು ಭಯ, ಯಾವ ಹೊತ್ತಿನಲ್ಲಿ ಅಳು ಬರುತ್ತದೆ ಎಂದು ನಾಲ್ಕು ದಿನ ಬರೆದಿಟ್ಟರೆ ಕಾರಣ ಬಹಳ ಸಲ ಕಾಣುತ್ತದೆ. ಮೂರು ನಾಲ್ಕು ವಾರವಾದರೂ ಅಳು ಇಳಿಯದಿದ್ದರೆ, ದಿನಾ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದರೆ, ಇಡೀ ದಿನ ಉಣ್ಣದಿದ್ದರೆ ಅಥವಾ ಶೌಚಾಲಯಕ್ಕೇ ಹೋಗದಿದ್ದರೆ ಕಾಯಬೇಡಿ. ಮನೆಯವರ ಜೊತೆ ಕೂತು ಮಾತಾಡಿ, ವೈದ್ಯರಿಗೂ ತೋರಿಸಲು ಹೇಳಿ.

ಎಷ್ಟು ಅನುಕೂಲ ಮಾಡಿದರೂ ಭೇಟಿಗೆ ಬಾರದ ನಾಲ್ಕೈದು ಮನೆಗಳು ಉಳಿಯುತ್ತವೆ. ‘ಅವರಿಗೆ ಆಸಕ್ತಿ ಇಲ್ಲ’ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲೂ ಆಡಬೇಡಿ. ರಾತ್ರಿ ಪಾಳಿ, ಕೈಗೂಸು, ಕಾಯಿಲೆಯ ಹಿರಿಯರು ಇರಬಹುದು. ತಾವು ಓದುವಾಗ ಪೆಟ್ಟು ತಿಂದು, ಬೈಸಿಕೊಂಡು ಶಾಲೆ ಬಿಟ್ಟವರಿಗೆ ಶಾಲೆಯ ಮೆಟ್ಟಿಲು ಹತ್ತುವುದೇ ಕಷ್ಟ. ಅಂಥವರಿಗೆ ಮೊದಲ ಫೋನ್ ಒಳ್ಳೆಯ ಸುದ್ದಿಯದೇ ಆಗಿರಬೇಕು. ಅಷ್ಟೇ ಅಲ್ಲ, ಎಲ್ಲ 32 ಮನೆಗೂ ಹಾಗೇ ಮಾಡಿ. ಮೂರು ವಾರದ 15 ಶಾಲಾ ದಿನಗಳಲ್ಲಿ ದಿನಕ್ಕೆ ಇಬ್ಬರು, ಎರಡು ದಿನ ಮಾತ್ರ ಮೂವರು. 32 ಮನೆ ಮುಗಿಯುತ್ತದೆ. ‘ಚೆನ್ನಾಗಿದ್ದಾಳೆ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ‘ಇವತ್ತು ಪಕ್ಕದವನ ಬುತ್ತಿ ಬಿದ್ದಾಗ ತಾನೇ ಎದ್ದು ಒರೆಸುವ ಬಟ್ಟೆ ತಂದಳು’ ಎಂದರೆ ನೀವು ಅವರ ಮಗುವನ್ನು ನೋಡಿದ್ದೀರಿ ಎಂದು ಗೊತ್ತಾಗುತ್ತದೆ. ಯಾರಿಗೆ ಯಾವತ್ತು ಏನು ಹೇಳಿದಿರಿ ಎಂದು ಹಾಜರಿ ಪಟ್ಟಿಯ ಒಂದು ಜೆರಾಕ್ಸ್ ಪ್ರತಿಯಲ್ಲಿ ಹೆಸರಿನ ಮುಂದೆ ಬರೆಯುತ್ತಾ ಹೋಗಿ. ಹತ್ತನೇ ದಿನ ಆ ಹಾಳೆ ನೋಡಿದರೆ ಯಾರ ಮುಂದೆ ಖಾಲಿ ಇದೆಯೋ ಆ ಮಕ್ಕಳನ್ನು ನೀವು ಇನ್ನೂ ಸರಿಯಾಗಿ ಗಮನಿಸಿಲ್ಲ ಎಂದು ಅರ್ಥ. ಬಹಳ ಸಲ ಅವರು ಅಳದ, ಜಗಳವಾಡದ, ಹಿಂದಿನ ಸಾಲಿನ ಮಕ್ಕಳು. ಹನ್ನೊಂದನೇ ದಿನ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಿ.